ಫೆಬ್ರುವರಿಯಲ್ಲಿ ಹೊರಬಂದ ಪತಂಗಗಳು

ಈ ವರ್ಷ ಫೆಬ್ರುವರಿ ಮೊದಲ ವಾರದಲ್ಲಿ ಉಪ್ಪಲ್‌ನ ನಮ್ಮ ಮನೆಯಲ್ಲಿದ್ದ ಟಸರ್ ರೇಷ್ಮೆಯ ಬೀಜದ ಗೂಡುಗಳು ಒಡೆದು ಪತಂಗಗಳು ಹೊರಬಂದವು. ಅವು ಬರಬೇಕಾದದ್ದು ಮಳೆಗಾಲಕ್ಕೆ. ಆಗ ಅವುಗಳ ಮೊಟ್ಟೆಯಿಂದಲೇ ನನ್ನ ಹೆಂಡತಿ ಸಾಕಣೆ ಶುರುಮಾಡುವವಳಿದ್ದಳು. ಬೇರೆ ಬೀಜ ಅವಳಲ್ಲಿರಲಿಲ್ಲ.

ಚಳಿಗಾಲವಿಡೀ ಹುಳು ಗೂಡಿನೊಳಗೆ ಕೋಶವಾಗಿ ಮಲಗಿರುತ್ತದೆ. ತಂಪಿದ್ದರೆ ಉಸಿರಾಟ ನಿಧಾನವಾಗಿ ಮೈಯ ಕೊಬ್ಬು ಉಳಿಯುತ್ತದೆ. ಕಾವು ಏರಿದರೆ ಉಸಿರಾಟ ಹೆಚ್ಚಿ ಕೊಬ್ಬು ಕರಗುತ್ತದೆ, ನಿಂತಿದ್ದ ಬೆಳವಣಿಗೆ ಮುಂದುವರಿಯುತ್ತದೆ.

ಜನವರಿಯಲ್ಲಿ ನಾವಿಬ್ಬರೂ ಊರಿಗೆ ಹೋಗಿದ್ದಾಗ ಮನೆಯಲ್ಲಿದ್ದ ಅತ್ತೆ ಗೂಡುಗಳಿದ್ದ ಕೋಣೆಯನ್ನು ಬಾಣಂತಿ ಕೋಣೆಯಂತೆ ಮಾಡಿದ್ದರು. ಕಿಟಕಿ ಮುಚ್ಚಿ, ದಿನವೂ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು.

"ಥಂಡಿ ಭಾಳ ಇತ್ತರಿ. ಅವೂ ಜೀವಾನ ಅಲ್ಲೇನ್ರಿ?" ಎಂದು ನನ್ನನ್ನು ಕೇಳಿದರು.

"ಅವಕ್ಕ ಥಂಡೀನ ಬೇಕಾಗಿತ್ತು, ಯವ್ವಾ. ಕುಲಾಯಿ ಹಾಕೂದೊಂದು ಬಿಟ್ಟಿ ನೋಡು," ಎಂದಳು ಹೆಂಡತಿ.

ಪತಂಗಗಳು ಮೊಟ್ಟೆಯಿಟ್ಟವು. ಮರಿಗಳು ಹೊರಬಂದಾಗ ಅವು ತಿನ್ನುವ ಮತ್ತಿ ಮರಗಳು ಎಲೆ ಉದುರಿಸಿ ನಿಂತಿದ್ದವು. ಮರಿಗಳೆಲ್ಲ ಸತ್ತವು.

ಒಡೆಯದೆ ಉಳಿದ ಗೂಡುಗಳನ್ನು ತೂಗಿ, ತಂಪಾದ ಕೋಣೆಗೆ ಸಾಗಿಸಿದೆವು. ನಿನ್ನೆ ಮತ್ತೆ ತೂಗಿದಾಗ ಅವು ಇನ್ನಷ್ಟು ಹಗುರಾಗಿದ್ದವು; ಒಳಗೆ ಕೊಬ್ಬು ಕರಗುವುದು ನಿಂತಿರಲಿಲ್ಲ.