ಬೇಕೆನಿಸಿದ ಸಂಜೆ

ಗಂಡ ಕಳಚಿಟ್ಟ ಅಂಗಿಯನ್ನು ಮೂಸಿ ನೋಡುವ ಚಾಳಿ ನನಗೆ ಹೇಗೆ ಹತ್ತಿತೆಂದು ಹೇಳಲೇ, ಗೆಳತಿ? ಮೂಸಿದರೆ ನಾಚಿಕೆ, ಮೂಸದಿದ್ದರೆ ಜೀವಕ್ಕೆ ನೆಮ್ಮದಿಯಿಲ್ಲ. ಗೋಡೆಗೆ ಗೋಡೆ ಅಂಟಿದ ಕೋಣೆಗಳ ಚಾಳಿನಲ್ಲಿ ಸಂಸಾರ ಮಾಡುವವರಿಗೆ ಚಾಳಿಗಳನ್ನು ಮುಚ್ಚಿಡುವುದೂ ಸುಲಭವಲ್ಲ. ಮುಂಬಯಿಯಲ್ಲಿ ಸರಕಾರದ ದಾರೂಬಂದಿ ಕಾಯದೆ ಇದ್ದರೂ, ಪರೇಲಿನ ಗಿರಣಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮವರಿಗೆ ಹಿಂದಿನ ಗಲ್ಲಿಯಲ್ಲಿ ಕದ್ದು ಮಾರುವ ಸರಾಯಿ ಅಂಟಿಕೊಂಡಿತ್ತು. ಕಡೆಗೆ ಮೈಯೆಲ್ಲ ನಡುಗಿ ಆಸ್ಪತ್ರೆ ಸೇರಿ, ಮಳೆಗಾಲವನ್ನೆಲ್ಲ ಅಲ್ಲೇ ಕಳೆದು, ಸಾಂತಾಕ್ರೂಜಿನ ನಮ್ಮ ಖೋಲಿಗೆ ಮರಳಿದ್ದರು.

ಮೈಯೊಳಗಿನ ವಿಷ ಇಳಿಸಿದ್ದೇವೆ, ಆಸೆ ಇಳಿಸುವ ಔಷಧ ನಮ್ಮಲ್ಲಿಲ್ಲ, ಜೋಪಾನ ಎಂದಿದ್ದರು ಡಾಕ್ಟರರು. ಜೋಪಾನವೆಂದರೆ ಕಾವಲು ಎಂದು ನಾನು ತಿಳಿದೆ. ದೀಪ ಹಚ್ಚುವ ಹೊತ್ತಾಯಿತೆಂದರೆ ಇವರು ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಅಲೆಯುವರು. ಒಲೆಯ ಮುಂದೆ ಕುಳಿತಿದ್ದರೂ ನನ್ನ ಮನಸ್ಸು ಅವರ ಬೆನ್ನ ಹಿಂದೆಯೇ ಅಲೆಯುವುದು.

ಒಂದು ದಿನ ನಾನು ಅಂಗಿಯನ್ನು ಮೂಗಿಗೆ ಹಿಡಿದಿದ್ದಾಗಲೇ ಅವರು ಒಳಗೆ ಬಂದರು. ಸಿಟ್ಟಾಗಲಿಲ್ಲ. ಮಂಚದ ಮೇಲೆ ಕುಳಿತು, "ಕುಡದ ಮ್ಯಾಲೆ ಅಂಗಿ ಹೇಳತದ. ಕುಡಿಯೋದಕ್ಕಿಂತ ಮೊದಲ ಹೇಳಾಂವ ನಾ ಒಬ್ಬನ," ಎಂದರು. ಬೇಕೆನಿಸಿದಾಗ ಅವರು ಹೇಳುವರು, ಕುಡಿಯಲು ಹೋಗರು; ಕೇಳಿ ನಾನು ಬೈಯಬಾರದು, ಅಳಬಾರದು; ಅಷ್ಟೇ ಅವರ ಕರಾರು. ಒಪ್ಪಿಕೊಂಡೆ. ಒಪ್ಪಿದಷ್ಟು ಸುಲಭವಾಗಿರಲಿಲ್ಲ, ಕೇಳುವುದು.

ಕೆಲವು ದಿನಗಳ ಮೇಲೆ, ಸಂಜೆ ಆಫೀಸಿನಿಂದ ಬಂದವರು ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತರು.

"ಇವತ್ತ ಬೇಕನಸಲಿಕತ್ತದ."

ಬೈಗುಳವೂ ಅಳುವೂ ಒಟ್ಟಿಗೇ ಗಂಟಲಿಗೆ ಬಂದವು. ಎರಡನ್ನೂ ನುಂಗಿ, ಕಲಸಿದ ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿ, "ನಡೀರಿ," ಎಂದೆ. ಪರೇಲಿಗೆ ಬೆನ್ನು ಮಾಡಿ ಹೋಗುವ ಲೋಕಲ್ ಹತ್ತಿದೆವು. ಅಂಧೇರಿಯಲ್ಲಿ ಅವರು ಥಟ್ಟನೆ ಇಳಿದು, ಪರೇಲಿನ ಕಡೆಗೆ ಹಿಂದಿರುಗುವ ಗಾಡಿಯತ್ತ ಹೊರಟುಬಿಟ್ಟರು. ಹಿಂದೆಯೇ ನಾನೂ ಇಳಿದೆ. ಮನೆಗೆ ಹೋಗೆಂದು ಗದರಿದರು.

"ನಾ ಬೈದಿಲ್ಲ, ಅತ್ತಿಲ್ಲ. ನಿಮ್ಮ ಮಾತ ನೀವು ನಡಸರಿ," ಎಂದೆ.

ಅವರು ನಲ್ಲಿಗೆ ಹೋಗಿ ಮುಖ ತೊಳೆದು, ಮುಂದಿನ ಗಾಡಿ ಹತ್ತಿದರು. ಮಲಾಡಿನಲ್ಲಿಳಿದು ಗದ್ದೆಗಳ ನಡುವಿನ ದಾರಿಯಲ್ಲಿ ಕಾಲು ಸೋಲುವವರೆಗೆ ನಡೆದೆವು. ಹಿಂದಿರುಗುವಾಗ ಸ್ಟೇಶನ್ನಿನ ಹೊರಗೆ ಭಜಿ ಕರಿಯುವ ವಾಸನೆ ಬಂತು. "ಹಸಿವಾಗೇದ," ಎಂದರು, ಎಷ್ಟೋ ತಿಂಗಳಿನಿಂದ ಅವರ ಬಾಯಲ್ಲಿ ನಾನು ಕೇಳದ ಮಾತು ಅದು.

ಬಿಟ್ಟೆನೆಂಬುದು ಒಮ್ಮೆ ಆಡಿ ಬಿಟ್ಟುಬಿಡುವ ಮಾತಲ್ಲ, ಗೆಳತಿ. ಆಮೇಲೂ ಅಂಥ ಸಂಜೆಗಳು ಬಂದವು. ಒಮ್ಮೆ ಹೇಳದೆಯೇ ಕುಡಿದು ಬಂದು, ಮರುದಿನ ಬೆಳಿಗ್ಗೆ ತಾವಾಗಿಯೇ ನನ್ನನ್ನು ಕರೆದುಕೊಂಡು ಡಾಕ್ಟರರ ಮುಂದೆ ಹೋಗಿ ಕುಳಿತರು. ಅಲ್ಲಿಂದೀಚೆಗೆ ಮುಟ್ಟಿಲ್ಲ. ಅವರ ಅಲೆದಾಟ ಕಡಿಮೆಯಾಯಿತು. ನನ್ನದು ಮಾತ್ರ ಉಳಿಯಿತು. ಎಲ್ಲವೂ ಸರಿಯಿರುವಾಗಲೇ, ಮತ್ತೆ ಕುಡಿದರೆ ಎಂದು ಮನಸ್ಸು ಅವರ ಬೆನ್ನು ಹತ್ತುತ್ತದೆ.

ಮೊನ್ನೆ ಅದನ್ನೂ ಬಾಯಿಬಿಟ್ಟು ಹೇಳಿದೆ: "ಇವತ್ತ ನನಗ ಅಂಜಿಕಿ ಬರಲಿಕತ್ತದ."

ಅವರು ಕಾರಣ ಕೇಳಲಿಲ್ಲ, ಆಣೆ ಮಾಡಲಿಲ್ಲ. "ನಡಿ," ಎಂದು ಎದ್ದರು. ಲೋಕಲ್‌ನಲ್ಲಿ ಕಿಟಕಿಯ ಪಕ್ಕದ ಜಾಗ ಹಿಡಿದು, ನನ್ನನ್ನು ಅಲ್ಲಿ ಕೂಡಿಸಿದರು.