ಬೋರಕ್ಕನ ಮಂಡಿ, ಕೆಂಪಿಯ ಹಾಲು

ಹಗರೆಯ ಡೇರಿಯಲ್ಲಿ ಬೆಳಿಗ್ಗೆ ಬರುವ ಮೊದಲ ಹಾಲು ಬೋರಕ್ಕನದು. ಇಪ್ಪತ್ತು ವರ್ಷದಿಂದ ಅಳೆಯುತ್ತಿದ್ದೇನೆ, ಒಂದು ತೊಟ್ಟು ನೀರು ಬೆರೆಸಿದವಳಲ್ಲ. ಆದರೂ ನಾನು ಪರೀಕ್ಷೆ ಮಾಡಲೇಬೇಕಲ್ಲ? ಮಾಡಿದರೆ ಸಿಡುಕುತ್ತಾಳೆ. "ನನ್ ಹಾಲ್ಗೂ ಕಡ್ಡಿ ಅದ್ದುತೀಯೇನೋ ಉಮೇಶ?"

ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಹಾಲು ಮಾರಿಯೇ ದಡ ಸೇರಿಸಿದವಳು. ಈಗ ಉಳಿದಿರುವುದು ಕೆಂಪಿ ಎಂಬ ಒಂದೇ ಹಸು. ಬೇರೆಯವರು ಮುಟ್ಟಿದರೆ ಒದೆಯುತ್ತದೆ. ಬೋರಕ್ಕ ಕುಕ್ಕರಗಾಲಲ್ಲಿ ಕೂತು, ಮಂಡಿಗಳ ನಡುವೆ ಬಕೆಟ್ ಇಟ್ಟುಕೊಂಡರೆ ಮಾತ್ರ ಹಾಲು ಇಳಿಸುತ್ತದೆ.

ಹೋದ ವರ್ಷ ಆ ಮಂಡಿಗಳೇ ಕೈಕೊಟ್ಟವು. ಕೀಲು ಸವೆದಿತ್ತು. ಕೂತರೆ ಏಳಲು ಗೋಡೆ ಹಿಡಿಯಬೇಕು.

ಫೋನಿನಲ್ಲಿ ಅವಳಿಗೆ ಒಂದು ವಿಡಿಯೋ ತೋರಿಸಿದ ಪಾಪಿ ನಾನೇ. ಸ್ಟೆಮ್ ಸೆಲ್ ಇಂಜೆಕ್ಷನ್ ಅಂತೆ. ನಮ್ಮದೇ ಸೊಂಟದ ಮೂಳೆಯೊಳಗಿನ ಜೀವಕೋಶ ತೆಗೆದು ಮಂಡಿಗೆ ಚುಚ್ಚಿದರೆ ಸವೆದದ್ದು ಮತ್ತೆ ಬೆಳೆಯುತ್ತದಂತೆ. ನಾನು ತಮಾಷೆಗೆ ತೋರಿಸಿದ್ದೆ. ಬೋರಕ್ಕ ನಗಲಿಲ್ಲ.

"ಒಂದು ಇಂಜೆಕ್ಷನ್‌ಗೆ ಹಸ ಕರಾನೇ ಹಾಕ್ತದೆ, ನನ್ ಮಂಡಿ ಬೆಳಿಯಾಕಿಲ್ವಾ?"

ಆ ಇಂಜೆಕ್ಷನ್ನಿನ ಖರ್ಚಿಗೆ ಕೆಂಪಿಯನ್ನೇ ಮಾರುವುದೆಂದು ತೀರ್ಮಾನಿಸಿದಳು. ಜಾವಗಲ್ಲಿನ ದನದ ವ್ಯಾಪಾರಿ ಗಿಡ್ಡಪ್ಪನಿಗೆ ಭಾನುವಾರ ಬಾ ಎಂದೂ ಹೇಳಿಬಿಟ್ಟಳು. ಹಸುವೂ ಹೋಗಿ, ಮಂಡಿಯೂ ವಾಸಿಯಾಗದಿದ್ದರೆ? ಕಾಡಿ ಬೇಡಿ ಮಂಗಳವಾರ ಹಾಸನದ ಬಸ್ಸು ಹತ್ತಿಸಿ, ನಾನೂ ಜೊತೆಗೆ ಹೋದೆ.

ಮೂಳೆ ಡಾಕ್ಟರು ಹೇಮಲತಾ ಎಲ್ಲವನ್ನೂ ಕೇಳಿಸಿಕೊಂಡರು. ಹಸುವಿಗೆ ಗಬ್ಬದ ಇಂಜೆಕ್ಷನ್ ಹಾಕಲು ಬರುವವನಿಗೆ ಕೇಳುವ ಪ್ರಶ್ನೆಯನ್ನೇ ಬೋರಕ್ಕ ಅವರಿಗೂ ಕೇಳಿದಳು.

"ಹತ್ತಕ್ಕೆ ಹಾಕಿದ್ರೆ ಎಷ್ಟಕ್ಕೆ ನಿಲ್ತದವ್ವಾ?"

ಡಾಕ್ಟರು ನಕ್ಕರು. "ಅದನ್ನೇ ಇನ್ನೂ ಯಾರೂ ಗಟ್ಟಿಯಾಗಿ ಹೇಳೋಕಾಗಲ್ಲಮ್ಮ. ಕೆಲವರಿಗೆ ನೋವು ಸ್ವಲ್ಪ ಕಮ್ಮಿ ಆಗಬಹುದು. ಸವೆದಿದ್ದು ಬೆಳೆಯುತ್ತೆ ಅನ್ನೋಕೆ ಸರಿಯಾದ ಆಧಾರ ಇಲ್ಲ, ಪರೀಕ್ಷೆಗಳು ನಡೀತಾನೇ ಇವೆ. ಅದನ್ನ ನಂಬಿ ಹಸು ಮಾರಬೇಡಿ."

"ಅಂಗಾದ್ರೆ ಬ್ಯಾಡ. ಲೆಕ್ಕ ಗೊತ್ತಿಲ್ದಿರೋ ಇಂಜೆಕ್ಷನ್ನ ನಾನು ಕೆಂಪೀಗೂ ಹಾಕ್ಸಿಲ್ಲ."

ಡಾಕ್ಟರು ತೊಡೆ ಗಟ್ಟಿಯಾಗಲು ವ್ಯಾಯಾಮ ಹೇಳಿಕೊಟ್ಟರು. ಕುಕ್ಕರಗಾಲು ಬಿಟ್ಟು ಸ್ಟೂಲಿನ ಮೇಲೆ ಕೂತು ಕರೆಯಿರಿ ಎಂದರು. ಹೇಳುವುದು ಸುಲಭ, ಕೆಂಪಿ ಒಪ್ಪಬೇಕಲ್ಲ! ಬುಧವಾರ ಸ್ಟೂಲನ್ನು ಒದ್ದು ತಿಪ್ಪೆಗೆ ಉರುಳಿಸಿತು. ಗುರುವಾರವೂ ಅದೇ ಕಥೆ. ಬೋರಕ್ಕ ಸ್ಟೂಲಿಗೂ ಹಸುವಿಗೂ ನನಗೂ ಸೇರಿಸಿ ಬೈದು, ಹಲ್ಲುಕಚ್ಚಿ ನೆಲದಲ್ಲೇ ಕೂತು ಕರೆದಳು. ಶನಿವಾರ ಸಂಜೆ ಹೇಳಿದಳು, "ನಾಳೀಕೂ ಒಪ್ನಿಲ್ಲ ಅಂದ್ರೆ ಗಿಡ್ಡಪ್ಪ ಹೊಡ್ಕೊಂಡೋಗ್ಲಿ ಬಿಡು." ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಭಾನುವಾರ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ ಗಿಡ್ಡಪ್ಪನ ಹಿಂದೆಯೇ ನಾನೂ ಹೋದೆ. ಕೊಟ್ಟಿಗೆಯೊಳಗಿಂದ ಬಕೆಟ್ಟಿಗೆ ಹಾಲು ಬೀಳುವ ಸದ್ದು. ಹಾಲು ಕರೆಯುವಾಗ ಉಡುವ ಹಳೇ ಸೀರೆಯನ್ನು ಸ್ಟೂಲಿಗೆ ಸುತ್ತಿ, ಅದರ ಮೇಲೆ ಬೋರಕ್ಕ ಮಹಾರಾಣಿಯ ಹಾಗೆ ಕೂತಿದ್ದಳು. ಕೆಂಪಿ ಸೀರೆಯನ್ನು ಮೂಸಿ ನೋಡಿ ಸುಮ್ಮನೆ ಮೆಲುಕು ಹಾಕುತ್ತಿತ್ತು. ಅಬ್ಬಾ, ಹೋದ ಜೀವ ಬಂದಂತಾಯಿತು ನನಗೆ.

ಬೋರಕ್ಕ ತಿರುಗಿಯೂ ನೋಡಲಿಲ್ಲ.

"ಬಂದ್ಯಾ ಗಿಡ್ಡಪ್ಪ? ಕೂತ್ಕೋ, ಕಾಪಿ ಕುಡ್ಕೊಂಡೋಗೀವಂತೆ. ಆ ಹಗ್ಗ ಇಲ್ಲೇ ಕೊಟ್ಟೋಗು. ಕೆಂಪೀದು ಸವೆದೋಗೈತೆ."