ಎಡಚಿಯ ಚಾಕು

ಚರ್ಮದ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದ ಆಕೆಯನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ಅಲ್ಲಿನ ಚಾಕುಗಳಿಗೆಲ್ಲ ಒಂದೇ ಪಕ್ಕ ಸಾಣೆ, ಅದೂ ಬಲಗೈಗೆ ಒಗ್ಗುವಂಥದ್ದು. ಎಡಗೈಯಲ್ಲಿ ಹಿಡಿದರೆ ಚಾಕು ಗೆರೆ ಬಿಟ್ಟು ಓರೆಯಾಗಿ ಓಡುತ್ತಿತ್ತು. ಒಳ್ಳೆಯ ಚರ್ಮವೊಂದು ಹಾಳಾದ ದಿನ ಮೇಸ್ತ್ರಿ ಹೇಳಿಯೇಬಿಟ್ಟ: "ಬಲಗೈ ರೂಢಿ ಮಾಡ್ಕೊ. ಇಲ್ಲ ಅಂದ್ರೆ ಗೋಂದು ಹಚ್ಚೋ ಕಡೆ ಹೋಗು."

"ಚಿಕ್ಕವಳಿದ್ದಾಗ ಅಮ್ಮ ಈ ಕೈಗೆ ಬಟ್ಟೆ ಕಟ್ಟಿಡ್ತಿದ್ರು. ಆಗಲೇ ಬದಲಾಗಲಿಲ್ಲ. ನನ್ನ ಚಾಕು ನಾನೇ ಮಾಡ್ಕೋತೀನಿ" ಎಂದಳು.

ಅವಳ ಅಣ್ಣನದು ಮನೆಗೆ ಅಂಟಿಕೊಂಡೇ ಇದ್ದ ರಿಪೇರಿ ಅಂಗಡಿ. ಅಲ್ಲಿ ಮೂಲೆಗೆ ಬಿದ್ದಿದ್ದ ಕಬ್ಬಿಣ ಉಜ್ಜುವ ಸವೆದ ಅರವೊಂದನ್ನು ಸಾಣೆಕಲ್ಲಿಗೆ ಒಡ್ಡಿ, ಬಿಸಿಯೇರದಂತೆ ನೀರಿಗೆ ಅದ್ದಿ ಅದ್ದಿ ಇನ್ನೊಂದು ಪಕ್ಕ ಸಾಣೆ ಹಿಡಿದ ಚಾಕು ಮಾಡಿದಳು. ಮರದ ಹಿಡಿ ಕೂರಿಸಲು ಎರಡು ತೂತು ಬೇಕಿತ್ತು. ಡ್ರಿಲ್ ಕಿರುಚಿತು, ಅದರ ಕೊರೆಯುವ ಬಿಟ್‌ನ ತುದಿ ಮೊಂಡಾಯಿತು. ಉಕ್ಕಿನ ಮೇಲೆ ಬಿದ್ದದ್ದು ಒಂದು ಗೀರು ಮಾತ್ರ.

"ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು ಅದು, ಕಬ್ಬಿಣದ ಕಡಲೆ" ಎಂದ ಅಣ್ಣ. "ಬೆಂಕಿಗೆ ಹಾಕು, ಮೆತ್ತಗಾಗುತ್ತೆ."

"ಚಾಕು ಬಾಯಿನೂ ಮೆತ್ತಗಾಗುತ್ತಲ್ಲ?"

"ಆಗುತ್ತೆ. ನಿನ್ನ ಬಾಯಿನೂ ಸ್ವಲ್ಪ ಮೆತ್ತಗಾದ್ರೆ ಮನೆಗೆ ಒಳ್ಳೇದು."

"ಎರಡೂ ಆಗಲ್ಲ" ಎಂದವಳೇ ಅದೇ ಮೊಂಡು ಬಿಟ್ಟನ್ನು ಮೈಭಾರವೆಲ್ಲ ಹಾಕಿ ಒತ್ತಿದಳು. ಹೊಗೆ ಎದ್ದಿತು. ಅಣ್ಣ ಬೈದುಕೊಳ್ಳುತ್ತ ಸ್ವಿಚ್ ಆರಿಸಿದ. ತೂತು ಬಿದ್ದಿರಲಿಲ್ಲ, ಆದರೆ ಒತ್ತಿದ ಜಾಗ ನೀಲಿಯಾಗಿತ್ತು. ತಣಿದ ಮೇಲೆ ಅಲ್ಲಿ ಮೊಳೆಯಿಂದ ಗೀಚಿ ನೋಡಿದಳು. ಗೆರೆ ಮೂಡಿತು. ಪಕ್ಕದಲ್ಲಿ ಗೀಚಿದರೆ ಮೊಳೆ ಜಾರುತ್ತಿತ್ತು.

"ಅಣ್ಣ, ಉಜ್ಜಿದ ಬಿಸಿಗೆ ಇಷ್ಟಗಲ ಮಾತ್ರ ಮೆತ್ತಗಾಗಿದೆ. ಹೊಸ ಬಿಟ್ ಕೊಡು."

ಎಣ್ಣೆ ಬಿಟ್ಟು ನಿಧಾನಕ್ಕೆ ಇಳಿಸಿದಾಗ ಉಕ್ಕು ಗುಂಗುರು ಕೂದಲಿನಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಎರಡನೆಯ ತೂತಿಗೆ ಅಣ್ಣನೇ ದಪ್ಪ ಮೊಳೆಯೊಂದರ ತಲೆ ಕತ್ತರಿಸಿ ಮಷೀನಿಗೆ ಸಿಕ್ಕಿಸಿದ. "ಕಾಯಿಸೋಕೆ ಇದು ಸಾಕು. ನನ್ನ ಬಿಟ್ ಸುಡಬೇಡ."

ಮರುದಿನ ಮೇಸ್ತ್ರಿ ತಡೆದ. "ಮನೇಲಿ ಮಾಡಿದ ಚಾಕು ಇಲ್ಲಿ ನಡೆಯಲ್ಲ."

ಅವಳು ಚರ್ಮ ಹಾಸಿ, ಚೀಲದ ಮುಚ್ಚಳದ ಬಾಗಿದ ಅಂಚನ್ನು ಕೈ ಎತ್ತದೆ ಒಂದೇ ಎಳೆತಕ್ಕೆ ಕತ್ತರಿಸಿ ಅವನ ಮುಂದಿಟ್ಟಳು. "ಎಲ್ಲಿ ಕೆಟ್ಟಿದೆ ತೋರಿಸಿ, ಗೋಂದು ಹಚ್ಚೋಕೆ ಹೋಗ್ತೀನಿ."

ಅವನು ತಿರುಗಿಸಿ ಮುರುಗಿಸಿ ನೋಡಿದ. "ಆ ಕಡೆ ಜನ ಸಾಕಷ್ಟಿದ್ದಾರೆ ಬಿಡು" ಎಂದು ಗೊಣಗಿಕೊಂಡು ಹೋದ.

ಸಂಜೆ ಗೋಂದಿನ ಕಡೆಯಿಂದ ಒಬ್ಬ ಹೆಂಗಸು ಮೆಲ್ಲಗೆ ಬಂದಳು. "ಅಕ್ಕಾ, ನಂದೂ ಎಡಗೈನೇ. ನನಗೂ ಒಂದು ಮಾಡ್ಕೊಡ್ತೀಯಾ?"

"ಮಾಡ್ಕೊಡಲ್ಲ. ನಮ್ಮಣ್ಣನ ಅಂಗಡಿಗೆ ಬಾ, ನೀನೇ ಮಾಡು. ತೂತು ಕೊರೆಯೋವಾಗ ನಾನು ಪಕ್ಕದಲ್ಲಿ ನಿಂತ್ಕೋತೀನಿ."